ನನ್ನ ಬಾಗಿದ ನೋಟ, ಕಂಬಾರ ಓಣಿಯ ಗಟಾರು

ನಾನೊಂದು ಡಂಪಿ ಲೆವೆಲ್. ಹೆಸರು ಕೇಳಿ ಹುಬ್ಬೇರಿಸಬೇಡಿ. ರಸ್ತೆಯ ಬದಿಯಲ್ಲಿ ಮೂರು ಕಾಲಿನ ಮೇಲೆ ನಿಂತ ಗಿಡ್ಡ ದುರ್ಬೀನು, ಅದಕ್ಕೆ ಒಂದು ಕಣ್ಣಿಟ್ಟ ಮನುಷ್ಯ, ದೂರದಲ್ಲಿ ಅಂಕಿ ಬರೆದ ಕೋಲು ಹಿಡಿದು ನಿಂತವನೊಬ್ಬ. ನೀವು ನೋಡಿಯೇ ಇರುತ್ತೀರಿ. ನೆಲದ ಏರಿಳಿತ ಹೇಳುವುದು ನನ್ನ ಕಸುಬು.

ಹಿತ್ತಾಳೆ, ಗಾಜು, ಕೂದಲಿಗಿಂತ ತೆಳ್ಳಗಿನ ಒಂದು ಅಡ್ಡಗೆರೆ, ಇಷ್ಟರಿಂದ ನನ್ನನ್ನು ಮಾಡಿದರು. ಕೊನೆಗೆ ಕಾರ್ಖಾನೆಯ ಮುದುಕನೊಬ್ಬ ಅರ್ಧ ದಿನ ನನ್ನೊಳಗೆ ಇಣುಕಿ, ಚಿಕ್ಕ ತಿರುಪೊಂದನ್ನು ತಿರುಗಿಸಿ, “ಕಾಲಿಮೇಷನ್ ಸರಿಯಾಯ್ತು” ಅಂದ. ನಾನು ಕೇಳಿದ ಮೊದಲ ಮಾತು ಅದು. ಅದರ ಅರ್ಥ ಸುಲಭ. ನನ್ನ ಬೆನ್ನ ಮೇಲಿನ ಗಾಜಿನ ನಳಿಕೆಯಲ್ಲಿ ಗುಳ್ಳೆ ನಟ್ಟನಡುವೆ ನಿಂತಾಗ, ಅಡ್ಡಗೆರೆಯ ಮೂಲಕ ಹಾಯುವ ನೋಟ ನಿಂತ ನೀರಿನಷ್ಟು ಮಟ್ಟವಾಗಿರಬೇಕು. ಆ ನೋಟವನ್ನು ಹಾಗೆ ನೇರಕ್ಕೆ ತರುವುದೇ ಕಾಲಿಮೇಷನ್. ಅದು ತಪ್ಪಿದರೆ ಗುಳ್ಳೆ ನಡುವೆಯೇ ಕೂತಿರುತ್ತದೆ, ನಾನು ಮಾತ್ರ ಸುಳ್ಳು ಹೇಳುತ್ತಿರುತ್ತೇನೆ.

ನನ್ನ ಮೊದಲ ಯಜಮಾನರು ಮುತಾಲಿಕ ಸಾಹೇಬರು. ಬಾಯಿ ತುಂಬ ಬೈಗುಳ, ಕೈ ತುಂಬ ಕೆಲಸ. ಪ್ರತಿ ಸೋಮವಾರ ಎರಡು ಗೂಟ ಹೊಡೆಸುವರು. ಮೊದಲು ಎರಡರ ನಟ್ಟನಡುವೆ ನನ್ನನ್ನು ನಿಲ್ಲಿಸಿ ಓದುವರು, ಆಮೇಲೆ ಒಂದರ ಮಗ್ಗುಲಿಗೆ ಒಯ್ದು ಮತ್ತೆ ಓದುವರು. ಎರಡು ಸಲವೂ ಗೂಟಗಳ ಎತ್ತರದ ಅಂತರ ಒಂದೇ ಬಂದರೆ ನನ್ನ ಕಣ್ಣು ನೆಟ್ಟಗಿದೆ ಎಂದು ಲೆಕ್ಕ. ಕೋಲು ಹಿಡಿಯುತ್ತಿದ್ದ ಖಲಾಸಿ ದ್ಯಾಮಪ್ಪನಿಗೆ ಅವರು ಹೇಳುತ್ತಿದ್ದರು: “ನೋಡಪಾ, ಇದರ ಕಣ್ಣು ಸೊಟ್ಟ ಆದ್ರೂ ನಡುವ ನಿಂತು ನೋಡಿದ್ರ ಖರೆ ಹೇಳ್ತೈತಿ. ಎರಡೂ ಕಡೆ ತಪ್ಪು ಸಮಾ ಆಗಿ ವಜಾ ಆಗ್ತೈತಿ.” ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ದ್ಯಾಮಪ್ಪ ಅದನ್ನು ಮರೆಯಲಿಲ್ಲ.

ಮುತಾಲಿಕರು ನಿವೃತ್ತರಾದರು. ನಾನೂ ದ್ಯಾಮಪ್ಪನೂ ನರಗಟ್ಟಿ ಪುರಸಭೆಯ ಓವರ್‌ಸೀಯರ್ ಚಿದಾನಂದ ಹಂಪಣ್ಣವರ ಕೈಗೆ ಬಿದ್ದೆವು. ಇಸ್ತ್ರಿ ಮುರಿಯದ ಪ್ಯಾಂಟು, ಕನ್ನಡಿಯಂಥ ಬೂಟು, ಮೂಗಿಗೆ ಸದಾ ಅತ್ತರಿನ ಕರವಸ್ತ್ರ. ಅವರನ್ನು ನೆನೆದರೆ ಇಂದಿಗೂ ನನ್ನ ಗಾಜು ಮಂಜಾಗುತ್ತದೆ, ಹೇಸಿಗೆಯಿಂದ.

ಕಂಬಾರ ಓಣಿಗೆ ಒಳಚರಂಡಿ ಮಂಜೂರಾಗಿತ್ತು. ಓಣಿಯ ಒಳತುದಿಯಿಂದ ದೊಡ್ಡ ರಸ್ತೆಯ ಕೊಳವೆಗೆ ನೂರು ಹೆಜ್ಜೆ. ಅಷ್ಟರಲ್ಲಿ ಒಂದು ಗೇಣು ಇಳಿಜಾರು ಸಿಕ್ಕರೆ ಹೊಲಸೆಲ್ಲ ಹರಿದುಹೋಗುತ್ತಿತ್ತು. ದ್ಯಾಮಪ್ಪನ ಮನೆ ಆ ಒಳತುದಿಯಲ್ಲೇ ಇತ್ತು. ಅವನ ಹೆಂಡತಿ ಗಂಗವ್ವ ತೆರೆದ ಗಟಾರದ ಪಕ್ಕದಲ್ಲೇ ಇಪ್ಪತ್ತು ವರ್ಷ ರೊಟ್ಟಿ ಬಡಿದವಳು. ಹೊಸ ಕೊಳವೆ ಬರುತ್ತದೆಂದು ಅವಳು ಅಡುಗೆಮನೆಗೆ ಸುಣ್ಣ ಬಳಿದಳು.

ಅಳತೆಯ ಹಿಂದಿನ ದಿನ ನಾನು ಜೀಪಿನಿಂದ ಉರುಳಿಬಿದ್ದೆ. ಅಡ್ಡಗೆರೆ ತನ್ನ ಜಾಗ ತಪ್ಪಿತು. ಅಂದಿನಿಂದ ನನ್ನ ನೋಟ ದೂರ ಹೋದಷ್ಟೂ ಕೆಳಕ್ಕೆ ಬಾಗತೊಡಗಿತು.

“ಸಾಹೇಬ್ರ, ನಿನ್ನಿ ಇದು ಬಿದ್ದೈತ್ರಿ. ಎರಡು ಗೂಟ ಹೊಡದು ನೋಡೂಣ್ರಿ,” ಅಂದ ದ್ಯಾಮಪ್ಪ.

“ಗುಳ್ಳಿ ನಡುವ ಐತಲ್ಲೋ. ಮತ್ತೇನ ಬೇಕು?”

“ಹಂಗಾರ ಓಣಿ ನಡುವರ ಇಡೂಣ್ರಿ. ಕಣ್ಣು ಸೊಟ್ಟ ಇದ್ರೂ ಖರೆ ಬರ್ತೈತ್ರಿ.”

“ಥೂ! ಆ ನಾತದಾಗ ನಾ ನಿಲ್ಲಂಗಿಲ್ಲ. ನೀ ಕೋಲು ಹಿಡಿಯಾಂವ, ಕೋಲು ಹಿಡಿ.”

ಹಂಪಣ್ಣವರು ದೊಡ್ಡ ರಸ್ತೆಯ ಬೇವಿನ ನೆರಳಲ್ಲೇ ನನ್ನನ್ನು ನಿಲ್ಲಿಸಿ, ಕರವಸ್ತ್ರ ಮೂಗಿಗೊತ್ತಿ, ಇಡೀ ಓಣಿಯನ್ನು ಅಲ್ಲಿಂದಲೇ ಓದಿದರು. ನಾನು ಸುಳ್ಳು ಹೇಳಿದೆ, ಅವರು ಬರೆದುಕೊಂಡರು. ದ್ಯಾಮಪ್ಪ ತನ್ನ ಮನೆಯ ಮುಂದೆ ಕೋಲನ್ನು ನೆಟ್ಟಗೆ ಹಿಡಿದು ನಿಂತಿದ್ದ. ಅವನು ಇನ್ನೊಂದು ಮಾತು ಆಡಬೇಕಿತ್ತು. ಆಡಲಿಲ್ಲ. ಅದಕ್ಕೂ ನನಗೆ ಸಿಟ್ಟಿದೆ.

ನನ್ನ ಬಾಗಿದ ನೋಟಕ್ಕೆ ದೂರದ ಒಳತುದಿ ಇದ್ದದ್ದಕ್ಕಿಂತ ಎತ್ತರ ಕಂಡಿತ್ತು; ಆ ಅಂಕಿ ನಂಬಿ ಹೂಳಿದಾಗ ಅಲ್ಲಿಯ ಕೊಳವೆ ಬೇಕಾದ್ದಕ್ಕಿಂತ ಒಂದೂವರೆ ಗೇಣು ಕೆಳಗೆ ಕೂತಿತು. ಇಳಿಜಾರು ತಿರುಗಿಬಿತ್ತು. ಕೊಳವೆ ತೆರೆದ ವಾರದೊಳಗೆ ದೊಡ್ಡ ರಸ್ತೆಯ ಹೊಲಸೆಲ್ಲ ಓಣಿಗೆ ಇಳಿದು, ಗಂಗವ್ವನ ಬಚ್ಚಲಿನಿಂದ ಕಪ್ಪಗೆ ಉಕ್ಕಿ, ಅಡುಗೆಮನೆಯ ಹೊಸ ಸುಣ್ಣಕ್ಕೆ ಹತ್ತಿತು. ಜೋಳದ ಹಿಟ್ಟಿನ ಡಬ್ಬಿ ಅದರಲ್ಲಿ ತೇಲಿತು. ಓಣಿಯ ಜನ ದ್ಯಾಮಪ್ಪನ ಮುಖಕ್ಕೇ ಕ್ಯಾಕರಿಸಿ ಉಗುಳಿದರು. ಕೋಲು ಹಿಡಿದವನು ಅವನೇ ಅಲ್ಲವೇ? ಗಂಗವ್ವ ಮಾತ್ರ ಕೇಳಿದಳು: “ನಿಮಗ ಗೊತ್ತಿತ್ತೇನು?”

ಹಂಪಣ್ಣವರು ಬಂದು, ರಸ್ತೆಯಲ್ಲೇ ನಿಂತು, “ಈ ಓಣಿ ನೆಲಾನ ಸೊಟ್ಟ ಐತಿ” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಮರುದಿನ ದ್ಯಾಮಪ್ಪ ಯಾರನ್ನೂ ಕೇಳದೆ ಉಗ್ರಾಣದಿಂದ ನನ್ನನ್ನು ಹೊತ್ತು ತಂದ. ಧೋತರ ಎತ್ತಿ ಕಟ್ಟಿ, ಓಣಿಯ ನಟ್ಟನಡುವೆ, ಮೊಣಕಾಲುದ್ದ ರೊಚ್ಚಿನಲ್ಲಿ ನನ್ನ ಮೂರೂ ಕಾಲು ಊರಿದ. ಕೋಲನ್ನು ಗಂಗವ್ವನ ಕೈಗೆ ಕೊಟ್ಟ. ಎರಡೂ ತುದಿಯ ಚರಂಡಿ ಗುಂಡಿಗಳ ಮುಚ್ಚಳ ತೆಗೆಸಿ, ಕೊಳವೆಯ ತಳಕ್ಕೇ ಕೋಲು ಇಳಿಸಿ ಓದಿದ. ನನ್ನ ಕಣ್ಣು ಸೊಟ್ಟವೇ ಇತ್ತು. ಆದರೂ ನಡುವೆ ನಿಂತಿದ್ದರಿಂದ ನಿಜ ಹೇಳಿದೆ: ಒಳತುದಿ ಅರ್ಧ ಗೇಣು ತಗ್ಗು. ಅವನು ಅಂಕಿಗಳನ್ನು ಗಟ್ಟಿಯಾಗಿ ಕೂಗಿದ. “ನನಗ ಗೊತ್ತಿತ್ತು. ನಾ ಬಾಯಿ ಮುಚ್ಚಿದೆ,” ಎಂದೂ ಕೂಗಿದ. ಉಗುಳಿದವರೇ ಆ ಅಂಕಿಗಳನ್ನು ಪುರಸಭೆಗೆ ಒಯ್ದರು.

ಕೊಳವೆಯನ್ನು ಅಗೆದು ಮತ್ತೆ ಹೂಳಿದರು. ಹಂಪಣ್ಣವರ ವರದಿಯಲ್ಲಿ ಬರೆದದ್ದು ಒಂದೇ ಸಾಲು: ಉಪಕರಣ ದೋಷಪೂರಿತ. ಅವರಿಗೆ ಬಡ್ತಿ, ನನಗೆ ಉಗ್ರಾಣದ ಮೂಲೆ, ಕೊರಳಿಗೆ ‘ಗುಜರಿ’ ಎಂಬ ಚೀಟಿ.

ಇಲಿ, ಜೇಡ, ತುಕ್ಕು ಹಿಡಿದ ಗುದ್ದಲಿಗಳ ನಡುವೆ ನಾನೀಗ ಮುದುಕ. ಒಂದು ತಿರುಪು ತಿರುಗಿಸಿದ್ದರೆ ನನ್ನ ಕಣ್ಣು ನೆಟ್ಟಗಾಗುತ್ತಿತ್ತು, ಯಾರೂ ತಿರುಗಿಸಲಿಲ್ಲ. ಒಳಗೆ ಬಂದವರೆಲ್ಲ ನನ್ನ ಬಳಿ ಬರುತ್ತಲೇ ಮೂಗು ಮುಚ್ಚುತ್ತಾರೆ. ನನ್ನ ಮೂರೂ ಕಾಲಿಗೆ ಕಂಬಾರ ಓಣಿಯ ನಾತ ಇನ್ನೂ ಅಂಟಿಕೊಂಡಿದೆ. ಹಂಪಣ್ಣವರ ಬೂಟಿಗೆ ಅದು ಒಂದು ದಿನವೂ ಅಂಟಲಿಲ್ಲ.