ಕಾರ್ವಿನ್ ಪ್ರೂಯಿಟ್ ವಾಪಸ್ ಬಂದದ್ದು

ಮೂರು ಗಂಟೆಗೆ ಇನ್ನೂ ಹದಿಮೂರು ನಿಮಿಷ ಇತ್ತು. ಸ್ಟ್ಯಾನ್ ವೊಯ್ತಾಸ್ ಎರಡು ಕಿವಿಗೂ ಒಂದೊಂದು ಫೋನ್ ಒತ್ತಿಕೊಂಡು, ಮೂರನೆಯ ಕಿವಿ ಯಾಕೆ ಕೊಡಲಿಲ್ಲವೆಂದು ದೇವರನ್ನು ಬೈಯುತ್ತಿದ್ದ. ಫೆಬ್ರವರಿಯ ಆ ಗುರುವಾರ ಮಧ್ಯಾಹ್ನ ಮೂರು ಹೊಡೆದರೆ ಆಟಗಾರರ ಅದಲುಬದಲಿಗೆ ಬಾಗಿಲು ಮುಚ್ಚಿತು ಎಂದೇ ಲೆಕ್ಕ.

ನಮ್ಮ ಬಫಲೋ ಬಾಸ್ಕೆಟ್‌ಬಾಲ್ ತಂಡ ಆ ವರ್ಷ ಎಷ್ಟು ಸೋತಿತ್ತೆಂದರೆ, ಒಂದು ದಿನ ಗೆದ್ದಾಗ ಗೇಟಿನ ಕಾವಲುಗಾರ ಒಳಗೆ ಏನೋ ಕಳ್ಳತನವಾಗಿದೆಯೆಂದು ಪೊಲೀಸರಿಗೆ ಫೋನ್ ಮಾಡಿದ್ದ. ಸೋಲುವುದೇ ಸ್ಟ್ಯಾನ್‌ನ ಯೋಜನೆ. ಅವನು ತಂಡದ ಮ್ಯಾನೇಜರು. ಯಾರು ಇರಬೇಕು, ಯಾರು ಹೋಗಬೇಕು ಎನ್ನುವುದೆಲ್ಲ ಅವನ ಕೈಯಲ್ಲಿ. ತಳದಲ್ಲಿ ಬಿದ್ದವರಿಗೆ ಬೇಸಿಗೆಯ ಡ್ರಾಫ್ಟ್‌ನಲ್ಲಿ ಒಳ್ಳೆಯ ಹೊಸಬನನ್ನು ಆರಿಸುವ ಅದೃಷ್ಟ ಹೆಚ್ಚು. ಜೊತೆಗೆ ಹಳೆಯ ದೊಡ್ಡ ಸಂಬಳದವರನ್ನು ಬೇರೆ ಊರಿಗೆ ಸಾಗಿಸಿದರೆ ಲೀಗ್ ಹಾಕಿದ ಸಂಬಳದ ಮಿತಿಯೊಳಗೆ ಜಾಗ ಹುಟ್ಟುತ್ತದೆ, ಅಲ್ಲಿ ದೊಡ್ಡ ಕುಳವೊಂದನ್ನು ತಂದು ಕೂರಿಸಬಹುದು. ಆರು ಜನರನ್ನು ಆಗಲೇ ಸಾಗಿಸಿದ್ದ. ಉಳಿದವನು ಕಾರ್ವಿನ್ ಪ್ರೂಯಿಟ್, ಹನ್ನೊಂದು ವರ್ಷದಿಂದ ನಮ್ಮ ಬುಟ್ಟಿಯ ಕೆಳಗೆ ಗೋಡೆಯಂತೆ ನಿಂತವನು.

ಎರಡು ಐವತ್ತೆಂಟಕ್ಕೆ ಸ್ಟ್ಯಾನ್ ಮೆಟ್ಟಿಲನ್ನು ಮೂರು ಮೂರು ಹಾರಿಕೊಂಡು ಕೆಳಗೆ ಬಂದ. ಕಾರ್ವಿನ್ ಐಸ್ ತುಂಬಿದ ಬಕೆಟ್ಟಿನಲ್ಲಿ ಮಂಡಿಯವರೆಗೆ ಕಾಲು ಇಳಿಬಿಟ್ಟು ಕೂತಿದ್ದ. ತಂಡದವರೆಲ್ಲ ತಾತಾ ಎಂದು ಕರೆಯುವ ನಾನು ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದೆ.

"ಆಯ್ತು. ಸ್ಯಾನ್ ಡಿಯಾಗೊ."

"ಸುಳ್ಳು ಹೇಳ್ಬೇಡ, ಸ್ಟ್ಯಾನ್."

"ಗೆಲ್ಲೋ ತಂಡ ಮಾರಾಯಾ. ಜೂನ್‌ನಲ್ಲಿ ನಿನ್ನ ಬೆರಳಿಗೆ ಚಾಂಪಿಯನ್ ಉಂಗುರ."

ಕಾರ್ವಿನ್ ಎದ್ದ ರಭಸಕ್ಕೆ ಬಕೆಟ್ ಮಗುಚಿ ನನ್ನ ಬೂಟಿನೊಳಗೆಲ್ಲ ಐಸ್ ತುಂಬಿತು. "ತಾತಾ, ಅಲ್ಲಿ ಹಿಮಾನೇ ಬೀಳಲ್ವಂತೆ ಕಣೋ! ನೀನು ಮಾತ್ರ ಬರ್ಬೇಡ, ಬಿಸಿಲಿಗೆ ಬೇಗ ಕೆಟ್ಟೋಗ್ತೀಯ."

"ಹೋಗಿ ತೊಲಗು. ನಿನ್ನ ದೋಣಿ ಗಾತ್ರದ ಬೂಟು ಹೊರೋ ಕೆಲಸ ತಪ್ತು," ಅಂದೆ. ಅವನು ಬಗ್ಗಿ ನನ್ನನ್ನು ಮಗುವಿನ ಹಾಗೆ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ.

ತಂಡದ ಬಟ್ಟೆ, ಬೂಟು, ಚೆಂಡು ನೋಡಿಕೊಳ್ಳುವುದು ನನ್ನ ಕೆಲಸ. ಅಂಗಿಯ ಬೆನ್ನಿನ ಮೇಲಿನ ಹೆಸರು ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವನು ಎರಡು ಸಾಗರಗಳ ನಡುವೆ ಹುಟ್ಟಿಲ್ಲ. ಒಬ್ಬ ಹೋದನೆಂದರೆ ಅವನ ವಿಮಾನ ಮೋಡ ದಾಟುವುದರೊಳಗೆ ಅಕ್ಷರ ಬಿಚ್ಚಿ, ಕಪಾಟಿನ ಮೇಲಿನ ಫಲಕ ಕಿತ್ತು, ಅಂಗಿಯನ್ನು ಇಸ್ತ್ರಿ ಮಾಡಿಟ್ಟಿರುತ್ತೇನೆ. ಕಾರ್ವಿನ್‌ನದ್ದೂ ಹಾಗೇ ಮಾಡಿದೆ.

ಭಾನುವಾರ ಬೆಳಿಗ್ಗೆ ನಾನು ಟವೆಲ್ ಮಡಿಸುತ್ತಿದ್ದಾಗ ಬಾಗಿಲು ಕತ್ತಲಾಯಿತು. ಕಾರ್ವಿನ್. ಬಿಸಿಲ ಊರಿಗೆಂದು ಕೊಂಡ ತೆಳು ಅಂಗಿ, ಅದರ ಮೇಲೆ ಯಾರದ್ದೋ ಗಿಡ್ಡ ಕೋಟು.

ಯಾವ ಅದಲುಬದಲಿಯೂ ವೈದ್ಯರು ಮೈ ಮುಟ್ಟಿ ನೋಡುವ ತನಕ ಪಕ್ಕಾ ಅಲ್ಲ. ಸ್ಯಾನ್ ಡಿಯಾಗೊದವರು ಮಂಡಿ ನೋಡಿ ಪರವಾಗಿಲ್ಲವೆಂದು ತಲೆಯಾಡಿಸಿದರಂತೆ. ಆಮೇಲೆ ಒಬ್ಬ ವೈದ್ಯೆ ಎದೆಯ ಮೇಲೆ ಯಂತ್ರ ಇಟ್ಟವಳು ತೆಗೆಯಲೇ ಇಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿತ್ತು. ಓಡುವಾಗ ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಒಪ್ಪಂದ ರದ್ದಾಯಿತು. ಬದಲಿಗೆ ಬರಬೇಕಿದ್ದ ಡ್ರಾಫ್ಟ್ ಅವಕಾಶವೂ ಹೋಯಿತು, ಸ್ಟ್ಯಾನ್ ಕಾಯುತ್ತಿದ್ದ ಸಂಬಳದ ಜಾಗವೂ ಹೋಯಿತು.

ನಮ್ಮಲ್ಲಿ ಅವನ ಮಂಡಿಯ ಚಿತ್ರ ಎಷ್ಟು ತೆಗೆದಿದ್ದೆವೆಂದರೆ ಅವನ್ನು ಸಾಲಾಗಿ ಅಂಟಿಸುತ್ತ ನಯಾಗರಾ ಮುಟ್ಟಬಹುದಿತ್ತು. ಹನ್ನೊಂದು ವರ್ಷ ಎಲ್ಲರೂ ಮಂಡಿ ಮಂಡಿ ಅಂದದ್ದೇ ಬಂತು. ಎದೆಯ ಪರೀಕ್ಷೆಯ ಹಾಳೆಯಲ್ಲಿ ನಾಲ್ಕು ವರ್ಷದಿಂದ ನಮ್ಮ ಡಾಕ್ಟರು ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಸಹಿ ಹಾಕಿದ್ದರು.

ಅವನು ತನ್ನ ಕಪಾಟಿನ ಮುಂದೆ ನಿಂತು, ಫಲಕ ಇದ್ದ ಜಾಗದ ಅಂಟನ್ನು ಬೆರಳಿನಿಂದ ಮುಟ್ಟಿದ.

"ಅಂಗಿ ಮೇಲಿನ ಹೆಸರು ಎಷ್ಟು ಹೊತ್ತಿಗೆ ಬಿಚ್ಚಿದೆ, ತಾತಾ?"

"ಕೈ ಬರಲಿಲ್ಲ ಮಗಾ. ಇಡೀ ಮಧ್ಯಾಹ್ನ ಹಿಡೀತು," ಅಂದೆ. ನಾಲ್ಕು ನಿಮಿಷವೂ ಹಿಡಿದಿರಲಿಲ್ಲ.

ಸ್ಟ್ಯಾನ್ ಹತ್ತು ದಿನ ಯಾರ ಮುಖವನ್ನೂ ನೋಡಲಿಲ್ಲ. ಹನ್ನೊಂದನೆಯ ದಿನ ಶಿಳ್ಳೆ ಹಾಕಿಕೊಂಡು ಕೆಳಗೆ ಬಂದ. ಕಾರ್ವಿನ್ ನನ್ನ ಕೋಣೆಯಲ್ಲಿ ಬೂಟಿನ ದಾರ ಪೋಣಿಸುತ್ತ ಕೂತಿದ್ದ. ಅವನನ್ನು ನೋಡಿದ ಕೂಡಲೇ ಶಿಳ್ಳೆ ನಿಂತಿತು.

"ಹ್ಯೂಸ್ಟನ್‌ನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸ್ದೆ, ಬರ್ಕೊಟ್ಟಿದಾರೆ," ಎಂದು ಕಾರ್ವಿನ್ ಕಾಗದ ಚಾಚಿದ. "ಪಂದ್ಯಕ್ಕೆ ಹತ್ತು ಹತ್ತು ನಿಮಿಷ ಆಡ್ಬಹುದು. ನೀನು ಸಹಿ ಹಾಕಿದ್ರೆ ಸಾಕು."

ಸ್ಟ್ಯಾನ್ ಕಾಗದವನ್ನು ಓದದೆ ಮಡಿಸಿದ. "ಮನೇಲಿರು, ಕಾರ್ವಿನ್. ನಿನ್ನ ದುಡ್ಡು ಪೂರ್ತಿ ಬರುತ್ತೆ. ಒಂದು ವರ್ಷ ನೀನು ಅಂಗಳಕ್ಕೆ ಇಳೀದೆ ಇದ್ರೆ, ಲೀಗಿನ ಡಾಕ್ಟರು ನೋಡಿ ಇನ್ನಾಗಲ್ಲ ಅಂದ್ರೆ, ನಿನ್ನ ಸಂಬಳ ನಮ್ಮ ಮಿತಿಯ ಲೆಕ್ಕದಿಂದ ಅಳಿಸಿ ಹೋಗುತ್ತೆ."

"ಒಂದೇ ನಿಮಿಷ ಆಡಿದ್ರೆ?"

"ವರ್ಷ ಮತ್ತೆ ಮೊದಲಿಂದ."

ಕಾರ್ವಿನ್ ದಾರವನ್ನು ಕೊನೆಯ ತೂತಿನವರೆಗೂ ಪೋಣಿಸಿದ. "ನಿನ್ನನ್ನ ಒಂದು ಕೇಳ್ತೀನಿ. ನಾನು ಸಾಯ್ತೀನಿ ಅಂತ ಬೇಡ ಅಂತಿದೀಯೋ, ಜಾಗ ಸಿಗುತ್ತೆ ಅಂತಾನೋ?"

"ಎರಡೂ."

"ಮೊದಲು ಯಾವ್ದು ಹೊಳೀತು?"

ಲೋಕದ ಎಲ್ಲ ಮ್ಯಾನೇಜರುಗಳನ್ನೂ ಮಾತಿನಲ್ಲಿ ಸುತ್ತಿ ಸುಲಿದ ಮನುಷ್ಯ. ಕಾಗದವನ್ನು ಇನ್ನೂ ಒಂದು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ಮೇಲೆ ಹೋದ. ಸಹಿ ಬೀಳಲಿಲ್ಲ.

ಕಾರ್ವಿನ್ ಜಗಳ ಮಾಡುತ್ತಾನೆ, ಕೋರ್ಟಿಗೆ ಹೋಗುತ್ತಾನೆ ಎಂದು ಊರೆಲ್ಲ ಕಾದಿತ್ತು. ಅವನು ಪಂದ್ಯದ ದಿನ ಸೂಟು ತೊಟ್ಟು ಬೆಂಚಿನ ಕೊನೆಯಲ್ಲಿ ಕೂತ, ಮುಂದಿನ ಋತುವಿನಲ್ಲೂ ಕೂತ. ವರ್ಷ ತುಂಬಿದ ಮೇಲೆ ಲೀಗಿನ ಮೂವರು ಡಾಕ್ಟರುಗಳು ಇಪ್ಪತ್ತು ನಿಮಿಷ ನೋಡಿ ಇನ್ನು ಆಡಲಾಗದೆಂದು ಮೂರು ಸಹಿ ಹಾಕಿದರು. ಆ ದಿನ ಸ್ಟ್ಯಾನ್ ಕಚೇರಿಗೆಲ್ಲ ಕರಿದ ಕೋಳಿ ರೆಕ್ಕೆ ತರಿಸಿದ. ನನ್ನ ಪಾಲಿನದ್ದು ಡಬ್ಬಿಯಲ್ಲೇ ತಣ್ಣಗಾಯಿತು.

ಜುಲೈನಲ್ಲಿ ಆ ಜಾಗಕ್ಕೆ ಸರಿಯಾಗಿ ಹೊಂದುವ ಆಟಗಾರ ಸಿಕ್ಕ. ಟೊರಾಂಟೊದಿಂದ ಬಂದ ಡೇಮಿಯನ್ ಬೋಸ್ಟಿಕ್, ಇಪ್ಪತ್ತೈದು ವರ್ಷ, ಅವನು ನೆಗೆದರೆ ಇಳಿಯುವುದರೊಳಗೆ ಒಂದು ಕಾಫಿ ಮುಗಿಸಬಹುದು. ಸ್ಟ್ಯಾನ್ ಅವನಿಗೆ ಅಭ್ಯಾಸದ ಅಂಗಳ ತೋರಿಸಲು ಕರೆತಂದ ಬೆಳಿಗ್ಗೆ ಕಾರ್ವಿನ್ ಒಬ್ಬನೇ ಅಲ್ಲಿದ್ದ. ನಿಂತಲ್ಲೇ ನಿಂತು ಚೆಂಡು ಎಸೆಯಲು ಅವನಿಗೆ ಅಪ್ಪಣೆ ಇತ್ತು, ಓಡಲು ಇರಲಿಲ್ಲ.

ಚೆಂಡು ಬಲೆಯೊಳಗೆ ಇಳಿದು, ಪುಟಿದು, ಅಂಗಳದ ಆ ತುದಿಯವರೆಗೂ ಉರುಳಿತು. ಬೋಸ್ಟಿಕ್ ಹಿಡಿದು ತರಲು ಓಡಹೊರಟ.

"ಬಿಡು ತಮ್ಮಾ," ಅಂದ ಕಾರ್ವಿನ್. "ನಾನೇ ತರ್ತೀನಿ."

ಬೋಸ್ಟಿಕ್ ನಿಂತ. ಸ್ಟ್ಯಾನ್ ಕಿಟಕಿಯ ಕಡೆ ನೋಡಿದ. ಕಾರ್ವಿನ್ ಎರಡು ಬೆರಳು ಕುತ್ತಿಗೆಯ ನಾಡಿಗೆ ಒತ್ತಿಕೊಂಡು, ಗೋಡೆಯ ಗಡಿಯಾರದ ಮೇಲೆ ಕಣ್ಣಿಟ್ಟು, ಅಷ್ಟು ಉದ್ದದ ಅಂಗಳದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹೋದ.