ನಡುವಿನ ನಾಲ್ಕು ಸಾಲು

ನವಣೆ ಮೊಣಕಾಲೆತ್ತರ ಬಂದಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟದ್ದೇ ತಡ, ಎಲ್ಲರಿಗೂ ಕಳೆ ತೆಗೆಯುವ ಆತುರ. ಹಿಂದಿನ ವಾರ ಕಿರಿಸೊಸೆ ಬಂದು ಹಿರಿಸೊಸೆಯ ಹೊಲದಲ್ಲಿ ಒಂದು ದಿನ ದುಡಿದಿದ್ದಳು. ಆ ಮುಯ್ಯಿ ತೀರಿಸಲು ಈ ದಿನ ಹಿರಿಯಳು ಕಿರಿಯಳ ಹೊಲಕ್ಕೆ ಬಂದಿದ್ದಳು.

ನವಣೆಗೆ ಅದರದೇ ದಾಯಾದಿಯಂಥ ಒಂದು ಕಳೆ ಉಂಟು. ಎಲೆ ಅದೇ, ನಿಲುವು ಅದೇ. ತೆನೆ ಬಂದ ಮೇಲೆ ಗುರುತು ಸಿಕ್ಕರೂ ಅಷ್ಟರಲ್ಲಿ ಅದರ ಕಾಳು ಉದುರಿ ನವಣೆಯ ಬೀಜದೊಳಗೆ ಸೇರಿರುತ್ತದೆ. ಬುಡದ ನಸುಗೆಂಪು ನೋಡಿ ಎಳೆಯದರಲ್ಲೇ ಕೀಳುವ ಕಣ್ಣು ಹಿರಿಯಳಿಗೆ ಮಾತ್ರ ಇತ್ತು. ಹನ್ನೆರಡು ವರ್ಷದಿಂದ ಅತ್ತೆ ಬಿತ್ತನೆಗೆ ಆರಿಸಿದ್ದು ಅವಳ ಹೊಲದ ತೆನೆಯನ್ನೇ. ಈ ಸಲ ಮುದುಕಿ ಎಲ್ಲರೆದುರು, "ಚಿಕ್ಕವಳ ಪೈರು ನೋಡ್ರೇ, ಎಷ್ಟು ಸೊಂಪಾಗಿದೆ! ಬೀಜಕ್ಕೆ ಅದೇ ಸರಿ" ಅಂದುಬಿಟ್ಟಿದ್ದಳು. ಆ ಮಾತು ಹಿರಿಯಳಿಗೆ ಚುಚ್ಚಿತ್ತು.

"ಅಕ್ಕಾ, ಬೀಜಕ್ಕೆ ಬಿಡೋ ನಡುವಿನ ನಾಲ್ಕು ಸಾಲು ನೀನೇ ನೋಡ್ಕೊ. ನನಗೆ ಎಲ್ಲಾ ಒಂದೇ ಥರ ಕಾಣುತ್ತೆ."

"ಗಂಡನ್ನಾದ್ರೂ ಗುರುತು ಹಿಡೀತೀಯೋ ಇಲ್ವೋ?"

"ಗೊರಕೆ ಕೇಳಿ ಹಿಡೀತೀನಿ!"

ಹಿರಿಯಳಿಗೂ ನಗು ಬಂತು. ನಗು ಬಂದದ್ದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಬೇರೆ ಹುಲ್ಲನ್ನೆಲ್ಲ ಕಿತ್ತಳು. ಕೆಂಪು ಬುಡ ಕಂಡಲ್ಲೆಲ್ಲ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಪ್ರತಿ ಸಲವೂ ಅದನ್ನು ಹಿಂದಕ್ಕೆಳೆದುಕೊಂಡಳು.

ತೆನೆ ಮಾಗಿದಾಗ ಅತ್ತೆ ಸೊಸೆಯರಿಬ್ಬರನ್ನೂ ಕರೆದುಕೊಂಡು ಬೀಜ ಆರಿಸಲು ಬಂದಳು. ನಡುವಿನ ಸಾಲುಗಳಲ್ಲಿ ಬಾಗಿದ ನವಣೆ ತೆನೆಗಳ ಮಧ್ಯೆ ಸಣ್ಣ, ಒರಟು ತೆನೆಗಳು ಸೆಟೆದು ನಿಂತಿದ್ದವು.

"ಅಯ್ಯೋ, ಅಕ್ಕನ ಕಣ್ಣೂ ತಪ್ಪಿತಲ್ಲ!" ಅಂದಳು ಕಿರಿಯಳು.

ಮುದುಕಿ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತ ಹೋಗಿಬಂದಳು. "ಕಣ್ಣು ತಪ್ಪಿದ್ರೆ ಕಳೆ ಜೊತೆ ನಾಲ್ಕು ನವಣೇನೂ ಹೋಗಿರೋದು. ನಿನ್ನ ಸಾಲು ನೋಡು, ಹಲ್ಲುದುರಿದ ಬಾಯಿ ಥರ ಇದೆ. ಇಲ್ಲಿ ನವಣೆ ಒಂದೂ ಹೋಗಿಲ್ಲ, ಈ ಕಳೆ ಒಂದೂ ಹೋಗಿಲ್ಲ. ಇದು ಗೊತ್ತಿರೋ ಕೈ ಕಣಮ್ಮಾ."

ಮುದುಕಿ ಬುಟ್ಟಿಯೆತ್ತಿಕೊಂಡು ಹಿರಿಯಳ ಹೊಲದ ಕಡೆಗೇ ನಡೆದಳು. ಬೀಜವೇನೋ ಅಲ್ಲೇ ಸಿಕ್ಕಬೇಕಿತ್ತು.

"ನಾಳೆ ಬಂದು ಇನ್ನೊಂದಿನ ಕೆಲಸ ಮಾಡ್ಕೊಡ್ತೀನಿ," ಅಂದಳು ಹಿರಿಯಳು, ನೆಲ ನೋಡುತ್ತ.

"ಬೇಡ ಅಕ್ಕಾ," ಅಂದಳು ಕಿರಿಯಳು. "ಆ ಮುಯ್ಯಿ ಬಾಕೀನೇ ಇರ್ಲಿ."