ಶನಿವಾರದ ಕರದಂಟು

"ರಾಯರಿಗೆ ನಿದ್ದಿ ಹತ್ತಿದ ಮ್ಯಾಲೆ ಗೊರಕಿ ನಡುನಡುವ ನಿಂತು ಉಸಿರು ಕಟ್ಟತದೇನ್ರಿ?" ಎಂದು ಬಾಗಲಕೋಟೆಯ ಡಾಕ್ಟರು ಕೇಳಿದಾಗ ತುಳಸೀಬಾಯಿ ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದರು. ಗೊರಕೆಗೆ ಬೇಸತ್ತು ಅವರು ತಮ್ಮ ಹಾಸಿಗೆಯನ್ನು ಹಿಂದಿನ ಕೋಣೆಗೆ ಒಯ್ದು ಮೂರು ವರ್ಷವಾಗಿತ್ತು. ಗಂಡನ ನಿದ್ದೆಯ ಸಂಗತಿ ಓಣಿಯವರಿಗೆ ಗೊತ್ತಿದ್ದಷ್ಟೂ ಅವರಿಗೆ ಗೊತ್ತಿರಲಿಲ್ಲ.

ಹುನಗುಂದದ ಹೈಸ್ಕೂಲಿನಲ್ಲಿ ಅವರ ಗಂಡ ಮಧುಸೂದನ ಮಾಸ್ತರರು ಕುರ್ಚಿಯಲ್ಲೇ ತೂಕಡಿಸುವುದು ಊರಿಗೆಲ್ಲ ತಮಾಷೆಯಾಗಿತ್ತು. ಎಪ್ಪತ್ತೊಂಬತ್ತನೇ ಇಸವಿಯಿಂದೀಚೆಗೆ ಮೈ ಊದುತ್ತಲೇ ಹೋಗಿತ್ತು. ತುಳಸೀಬಾಯಿ ಊಟ ಅರ್ಧಕ್ಕಿಳಿಸಿದರು. ಏಕಾದಶಿ ಒಂದೇ ಸಾಲದೆಂದು ಸೋಮವಾರ, ಶನಿವಾರಗಳ ಉಪವಾಸವನ್ನೂ ಹಚ್ಚಿದರು. ಪಾಪ, ಮಾಸ್ತರರು ಚಕಾರ ಎತ್ತಲಿಲ್ಲ. ಮೈ ಮಾತ್ರ ಇಳಿಯಲಿಲ್ಲ. ಹಾಗಾದರೆ ಹೊರಗೆ ಕದ್ದು ತಿನ್ನುತ್ತಾರೆ ಎಂದು ತುಳಸೀಬಾಯಿ ತಾವೇ ತೀರ್ಪು ಕೊಟ್ಟುಬಿಟ್ಟರು. ಕಳೆದ ಏಕಾದಶಿಯ ಸಂಜೆ ಮಡಿ ಉಡಿಸಿ, ಸಾಲಿಗ್ರಾಮದ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರು. ಐವತ್ತು ದಾಟಿದ ಮನುಷ್ಯ, ನೀರು ಸಹ ಮುಟ್ಟಿಲ್ಲ ಎಂದಿದ್ದರು. ಆಮೇಲೂ ತುಳಸೀಬಾಯಿ ಹತ್ತಿರ ಹೋಗಿ ಅವರ ಉಸಿರು ಮೂಸಿ ನೋಡಿದ್ದರು.

ಡಾಕ್ಟರು ಮಾಸ್ತರರ ಕೊರಳು ಮುಟ್ಟಿ ತೋರಿಸಿದರು. "ಇಲ್ಲಿ ಥೈರಾಯ್ಡ್ ಅಂತ ಗ್ರಂಥಿ ಇರ್ತದ. ಅದು ಮಂದ ಆತಂದ್ರ ಉಪವಾಸ ಇದ್ರೂ ಮೈ ಬರ್ತದ, ಗಂಟಲು ಇರುಕು ಆಗಿ ನಿದ್ದ್ಯಾಗ ಉಸಿರು ನಿಲ್ತದ. ರಾತ್ರಿ ಖರೇ ನಿದ್ದೀನ ಇಲ್ಲ, ಹಗಲು ತೂಕಡಿಸದ ಏನ್ಮಾಡ್ತಾರ? ಇದು ತಿಂದು ಬಂದ ಮೈ ಅಲ್ಲರಿ."

ಗುಳಿಗೆ ಬರೆದುಕೊಟ್ಟು, ಗುಣ ಕಾಣುವವರೆಗೆ ಗೊರಕೆಗೆ ಹೆದರಬೇಡಿ, ಅದು ನಿಂತರೆ ಮಾತ್ರ ಅಲುಗಾಡಿಸಿ ಎಬ್ಬಿಸಿ ಎಂದರು. ಮಾಸ್ತರರು ಈಗ ಆಣೆಯ ಸುದ್ದಿ ಎತ್ತುತ್ತಾರೆಂದು ತುಳಸೀಬಾಯಿ ನಾಚಿಕೆಯಿಂದ ಹಿಡಿಯಾಗಿ ಕೂತಿದ್ದರು. ಅವರು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ತುಳಸೀಬಾಯಿ ಕೆಳಗಿಳಿದು ಬೆಲ್ಲ-ಅಂಟಿನ ಸಿಹಿ ಕರದಂಟು ತಂದು ಗಂಡನ ಕೈಗಿಟ್ಟರು. ಮಾಸ್ತರರು ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಇವತ್ತ ಶನಿವಾರ ಅಲ್ಲೇನು?"

"ತಿನ್ರಿ," ಎಂದರು ತುಳಸೀಬಾಯಿ. "ನನ್ನದ ತಪ್ಪಾತು."

ಅರ್ಧ ತುಂಡು ಕೈಯಲ್ಲಿದ್ದಂತೆಯೇ ಮಾಸ್ತರರಿಗೆ ನಿದ್ದೆ ಹತ್ತಿತು. ಗೊರಕೆ ಎದ್ದಿತು. ಮುಂದಿನ ಸೀಟಿನವರು ತಿರುಗಿ ನಕ್ಕರು. ನಿನ್ನೆಯಾಗಿದ್ದರೆ ತುಳಸೀಬಾಯಿ ಮೊಣಕೈಯಿಂದ ತಿವಿದು ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಿದ್ದರು. ಈಗ ಕಿವಿಗೊಟ್ಟು ಕೂತರು. ಸ್ವಲ್ಪ ಹೊತ್ತಿಗೆ ಗೊರಕೆ ತಟ್ಟನೆ ನಿಂತಿತು. ಅಂತೂ ನಿಂತಿತಲ್ಲ ಎಂದು ಯಾರೋ ಅಂದರು.

ತುಳಸೀಬಾಯಿ ಎರಡೂ ಕೈಯಿಂದ ಗಂಡನ ಭುಜ ಹಿಡಿದು ಎಲ್ಲರೆದುರು ಅಲುಗಾಡಿಸಿದರು. ಮತ್ತೂ ಅಲುಗಾಡಿಸಿದರು. ಗೊರಕೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವರು ಭುಜದ ಮೇಲಿನ ಕೈ ತೆಗೆಯಲಿಲ್ಲ.